ಮೈಯಿಂದ ನಡೆದ ಆರಾಧನೆ: ಕೋಗಳಿ ನಾಡಿನಿಂದ ಮೈಲಾರದವರೆಗೆ

ತುಂಗಭದ್ರೆಯ ಬಲದಂಡೆಗೆ ಹರಡಿಕೊಂಡಿರುವ ಹರಪನಹಳ್ಳಿ, ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು ಮತ್ತು ಕೂಡ್ಲಿಗಿಯ ಸೀಮೆ ಆಡಳಿತದ ದಾಖಲೆಗಳಲ್ಲಿ ಪದೇ ಪದೇ ಕೈ ಬದಲಿಸಿದೆ. 1953ರ ಅಕ್ಟೋಬರ್ 1ರವರೆಗೆ ಅದು ಮದ್ರಾಸಿನ ಬಳ್ಳಾರಿ ಜಿಲ್ಲೆಯ ಭಾಗವಾಗಿತ್ತು. ಆ ಬಳಿಕ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಹರಪನಹಳ್ಳಿ ಮಾತ್ರ ದಾವಣಗೆರೆಯ ಪಾಲಾಗಿ 2018ರಲ್ಲಿ ಮರಳಿತು. 2021ರಿಂದ ಐದೂ ತಾಲ್ಲೂಕುಗಳು ವಿಜಯನಗರ ಜಿಲ್ಲೆಯಲ್ಲಿವೆ. ಆರಾಧನೆಯ ಇತಿಹಾಸದಲ್ಲಾದರೋ ಈ ಸೀಮೆಗೆ ಇಷ್ಟು ಸುಲಭವಾಗಿ ಚದುರದ ಒಂದು ಏಕತೆಯಿದೆ. ಇಲ್ಲಿ ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಒಂದರ ಮೇಲೊಂದು ಬಂದ ಧರ್ಮಗಳು ತತ್ತ್ವದಲ್ಲಿ ಪರಸ್ಪರ ಜಗಳವಾಡಿದ್ದರೂ, ದೇವರ ಮುಂದೆ ಮನುಷ್ಯನ ಮೈ ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಯಾವುದೂ ಗೌಣವೆಂದು ತಳ್ಳಿಹಾಕಲಿಲ್ಲ; ಮತ್ತು ಆ ಧರ್ಮಗಳ ಗ್ರಂಥಗಳು ಮರೆತುಹೋದ ಮೇಲೂ ಮೈಯ ರೂಢಿಗಳು ಉಳಿದುಕೊಂಡವು.

ಈ ವಿದ್ಯಮಾನ ಈ ಸೀಮೆಯದು ಮಾತ್ರವಲ್ಲ. ಕ್ರೈಸ್ತಧರ್ಮದ ಮೊದಲ ಶತಮಾನಗಳಲ್ಲಿ ಇದರ ಸ್ಪಷ್ಟವಾದ ಸಮಾನಾಂತರ ಸಿಗುತ್ತದೆ. ಯೇಸು ಮತ್ತು ಅವನ ಶಿಷ್ಯರ ಆಡುಮಾತಾಗಿದ್ದ ಅರಾಮಿಕ್ ಭಾಷೆಯ ಒಂದು ಪ್ರಭೇದ, ಈಗಿನ ಟರ್ಕಿಯ ಉರ್ಫಾ ಎನಿಸಿರುವ ಎಡೆಸ್ಸಾ ನಗರದಲ್ಲಿ ಬೆಳೆದು ಸಿರಿಯಾಕ್ ಎಂಬ ಹೆಸರಿನಿಂದ ಪೂರ್ವದ ಚರ್ಚುಗಳ ಪೂಜಾಭಾಷೆಯಾಯಿತು. ಗ್ರೀಕಿನಲ್ಲಿ ಬರೆಯಲಾದ ಮಾರ್ಕನ ಸುವಾರ್ತೆ ಕೆಲವು ಅರಾಮಿಕ್ ಮಾತುಗಳನ್ನು ಹಾಗೆಯೇ ಉಳಿಸಿಕೊಂಡಿದ್ದು, ಅವುಗಳಲ್ಲಿ ಎರಡು ಮೈ ಮುಟ್ಟುವ ಸಂದರ್ಭಗಳಲ್ಲೇ ಬರುತ್ತವೆ: ಒಂದು, ಸತ್ತಳೆಂದು ಅಳುತ್ತಿದ್ದ ಬಾಲಕಿಯ ಕೈಹಿಡಿದು ಎಬ್ಬಿಸುವಾಗ, ಇನ್ನೊಂದು, ಕಿವುಡನ ಕಿವಿಗಳಲ್ಲಿ ಬೆರಳಿಟ್ಟಾಗ. ಈ ಮಾತುಗಳು ಕನ್ನಡ ಲಿಪಿಗೆ ಬಂದ ದಾರಿಗಳಲ್ಲಿ ಒಂದು ಬಳ್ಳಾರಿಯ ಮೂಲಕವೇ ಹಾದಿದೆ. 1810ರಲ್ಲಿ ಅಲ್ಲಿ ನೆಲೆಸಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ವರ್ಷಗಟ್ಟಲೆ ದುಡಿದು ಸಿದ್ಧಪಡಿಸಿದ ಕನ್ನಡ ಬೈಬಲ್ 1831ರ ಹೊತ್ತಿಗೆ ಪೂರ್ಣವಾಗಿ ಅಚ್ಚಾಯಿತು.

ಸಿರಿಯಾಕ್ ಪರಂಪರೆಯಲ್ಲಿ ಪ್ರಾರ್ಥನೆಯೆಂದರೆ ಪೂರ್ವಾಭಿಮುಖವಾಗಿ ನಿಲ್ಲುವುದು, ಶಿಲುಬೆಯಾಕಾರದಲ್ಲಿ ತೋಳು ಚಾಚುವುದು, ಮೊಣಕಾಲೂರಿ ಹಣೆಯನ್ನು ನೆಲಕ್ಕೆ ತಾಗಿಸುವುದು, ಉಪವಾಸ ಮತ್ತು ಜಾಗರಣೆ. ಅಲೆಪ್ಪೋ ಸಮೀಪದಲ್ಲಿ ಕಂಬದ ಮೇಲೆ ದಶಕಗಳ ಕಾಲ ನಿಂತು 459ರಲ್ಲಿ ತೀರಿಕೊಂಡ ಸಿಮೆಯೋನನು ಮಾಡುತ್ತಿದ್ದ ನಮಸ್ಕಾರಗಳನ್ನು ಒಬ್ಬಾತ 1,244ರವರೆಗೆ ಎಣಿಸಿ ಸೋತು ಬಿಟ್ಟುಬಿಟ್ಟನೆಂದು ಅವನ ಸಮಕಾಲೀನನಾದ ಬಿಷಪ್ ಥಿಯೊಡೊರೆಟ್ ಬರೆದಿದ್ದಾನೆ. ಏಳನೆಯ ಶತಮಾನದ ನಿನೆವೆಯ ಐಸಾಕನು, ಮನಸ್ಸಿನ ಪ್ರಾರ್ಥನೆಯೊಂದೇ ಸಾಕು, ಬಾಗುವ ಬೀಳುವ ಗೊಡವೆ ಬೇಡ ಎನ್ನುವವರು ಕಡೆಗೆ ಗರ್ವಕ್ಕೆ ಸಿಲುಕುತ್ತಾರೆಂದು ಎಚ್ಚರಿಸಿದ. ಈ ಪರಂಪರೆಯ ಒಂದು ಕವಲು ಕೇರಳದ ಮೂಲಕ ಕರ್ನಾಟಕದ ಕರಾವಳಿಗೂ ಬಂದಿತು: 1889ರಲ್ಲಿ ಕೊಟ್ಟಾಯಂನಲ್ಲಿ ಸಿರಿಯನ್ ಬಿಷಪ್ಪರಿಂದ ಮಾರ್ ಜೂಲಿಯಸ್ ಎಂಬ ಹೆಸರಿನಲ್ಲಿ ಅಭಿಷಿಕ್ತರಾದ ಗೋವೆಯ ಅಲ್ವಾರಿಸರನ್ನು ಬ್ರಹ್ಮಾವರದ ಕೊಂಕಣಿ ಮಾತನಾಡುವ ಕುಟುಂಬಗಳು ಹಿಂಬಾಲಿಸಿದವು. ಸಿರಿಯಾಕ್ ಅರ್ಥವಾಗದ ಭಕ್ತರೂ ಮಹೋಪವಾಸದ ದಿನಗಳಲ್ಲಿ ನೆಲಕ್ಕೆ ಹಣೆಯೂರುವ ಕ್ರಮವನ್ನು ತಪ್ಪಿಸುವುದಿಲ್ಲ. ಭಾಷೆ ಹೋದರೂ ನಮಸ್ಕಾರ ಉಳಿಯಿತೆಂಬ ಈ ಸಂಗತಿಯೇ ಕೋಗಳಿ ನಾಡಿನ ಕಥೆಯನ್ನು ಓದಲು ಒಂದು ಬೆಳಕಿಂಡಿಯಾಗಬಲ್ಲದು.

ಶಾಸನಗಳ ಕಾಲದಲ್ಲಿ ಈ ಸೀಮೆಯ ಬಹುಭಾಗ ಕೋಗಳಿ-500 ಎಂಬ ನಾಡಿಗೆ ಸೇರಿದ್ದು, ಆ ನಾಡು ನೊಳಂಬವಾಡಿ-32000 ಎಂಬ ದೊಡ್ಡ ಪ್ರಾಂತದ ಅಂಗವಾಗಿತ್ತು. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗವೇ ಆ ಪ್ರಾಂತದ ಪ್ರಬಲ ಕೋಟೆ. ಅದೇ ತಾಲ್ಲೂಕಿನ ಬಾಗಳಿಯಲ್ಲಿ ದುಗ್ಗಿಮಯ್ಯನೆಂಬವನು ಚಾಲುಕ್ಯ ಇಮ್ಮಡಿ ತೈಲಪನ ಕಾಲದಲ್ಲಿ, 987ರ ಸುಮಾರಿಗೆ ಪ್ರತಿಷ್ಠಾಪಿಸಿದ ಕಲ್ಲೇಶ್ವರನ ಗುಡಿ, ಹಿರೇಹಡಗಲಿ ಮತ್ತು ಅಂಬಳಿಗಳ ಕಲ್ಲೇಶ್ವರ ಗುಡಿಗಳು, ತುಂಗಭದ್ರೆಯ ದಡದ ಕುರುವತ್ತಿಯ ಮಲ್ಲಿಕಾರ್ಜುನನ ಗುಡಿ ಇವೆಲ್ಲವೂ ಎದ್ದುನಿಂತ ಕಾಲದಲ್ಲಿ ನಾಡಿನ ಶಿವಾಲಯಗಳ ಆಡಳಿತ ಬಹಳಮಟ್ಟಿಗೆ ಲಾಕುಲ ಶೈವರ ಕೈಯಲ್ಲಿತ್ತು. ಲಾಕುಲರೆಂದರೆ, ಗುಜರಾತಿನ ಕಾಯಾವರೋಹಣದಲ್ಲಿ ಶಿವನು ಶವವೊಂದನ್ನು ಹೊಕ್ಕು ಲಕುಲೀಶನಾಗಿ ಅವತರಿಸಿದನೆಂದು ನಂಬುವ ಪಾಶುಪತ ಪಂಥದವರು; ಅವರ ಗುರುಪರಂಪರೆಯನ್ನು 380ರ ಮಥುರೆಯ ಸ್ತಂಭಶಾಸನ ದಾಖಲಿಸಿದೆ. ಕರ್ನಾಟಕದಲ್ಲಿ ಈ ಪಂಥದ ಕಾಳಾಮುಖ ಶಾಖೆ ಪ್ರಬಲವಾಗಿದ್ದಿತು. ನೊಳಂಬರ ರಾಜಧಾನಿ ಹೇಮಾವತಿಯ 943ರ ಶಾಸನವು ಲಕುಲೀಶನೇ ತನ್ನ ಹೆಸರೂ ಬೋಧನೆಯೂ ಮರೆತುಹೋದಾವೆಂಬ ಅಂಜಿಕೆಯಿಂದ ಚಿಲ್ಲುಕನೆಂಬ ಮುನಿಯಾಗಿ ಮತ್ತೆ ಹುಟ್ಟಿದನೆಂದು ಹೇಳುತ್ತದೆ. ಆ ಅಂಜಿಕೆ ಸುಳ್ಳಾಗಲಿಲ್ಲ. ಪಂಥದ ಮೂಲಗ್ರಂಥವಾದ ಪಾಶುಪತಸೂತ್ರವು ಕೌಂಡಿನ್ಯನ ಭಾಷ್ಯದೊಡನೆ ವಿದ್ವತ್ಪ್ರಪಂಚಕ್ಕೆ ಮತ್ತೆ ದೊರೆತದ್ದು 1940ರಲ್ಲಿ, ತಿರುವನಂತಪುರದಲ್ಲಿ ಅದು ಅಚ್ಚಾದಾಗ.

ಆ ಗ್ರಂಥ ವಿಧಿಸುವ ಸಾಧನೆಯಲ್ಲಿ ಮಂತ್ರಕ್ಕಿಂತ ಮೈಯ ಪಾಲು ದೊಡ್ಡದು. ಸಾಧಕನು ದಿನಕ್ಕೆ ಮೂರು ಬಾರಿ ಬೂದಿಯಲ್ಲಿ ಮೀಯಬೇಕು, ಬೂದಿಯಲ್ಲೇ ಮಲಗಬೇಕು. ಗುಡಿಯಲ್ಲಿ ದೇವರಿಗೆ ಆರು ಉಪಹಾರಗಳನ್ನು, ಎಂದರೆ ಕಾಣಿಕೆಗಳನ್ನು, ಸಲ್ಲಿಸಬೇಕು. ಗಹಗಹಿಸುವ ನಗು, ಹಾಡು, ಕುಣಿತ, ಗೂಳಿಯಂತೆ ನಾಲಿಗೆಯಿಂದ ಹೊರಡಿಸುವ ಹುಡುಕ್ಕಾರವೆಂಬ ಸದ್ದು, ನಮಸ್ಕಾರ ಮತ್ತು ಜಪ ಎಂಬ ಈ ಆರರಲ್ಲಿ ಹೂವಾಗಲಿ ಹಣ್ಣಾಗಲಿ ಇಲ್ಲ; ಐದು ನೇರವಾಗಿ ಗಂಟಲು ಮತ್ತು ಕೈಕಾಲಿನ ಕೆಲಸಗಳು, ಜಪವೊಂದು ಮಾತ್ರ ಒಳಮುಖವಾದದ್ದು. ಮುಂದಿನ ಘಟ್ಟ ಇನ್ನೂ ವಿಲಕ್ಷಣವಾದುದು. ಸಾಧಕನು ಗುಡಿಯನ್ನು ಬಿಟ್ಟು, ತನ್ನ ಲಾಂಛನಗಳನ್ನು ಮರೆಮಾಡಿಕೊಂಡು ಜನರ ನಡುವೆ ಹೋಗಿ, ಎಚ್ಚರವಿದ್ದೂ ಗೊರಕೆ ಹೊಡೆಯುವುದು, ವಾತ ಬಡಿದವನಂತೆ ನಡುಗುವುದು, ಕುಂಟುವುದು ಮುಂತಾದ ಚೇಷ್ಟೆಗಳಿಂದ ಬೇಕೆಂದೇ ಹೀನಾಯಕ್ಕೆ ಗುರಿಯಾಗಬೇಕು. ತಪ್ಪಿಲ್ಲದವನನ್ನು ನಿಂದಿಸಿದವರ ಪುಣ್ಯ ಅವನಿಗೂ, ಅವನ ಪಾಪ ನಿಂದಿಸಿದವರಿಗೂ ವರ್ಗವಾಗುತ್ತದೆಂಬುದು ಇದರ ಹಿಂದಿನ ಲೆಕ್ಕಾಚಾರ. ಅಮೆರಿಕದ ಸಂಸ್ಕೃತ ವಿದ್ವಾಂಸ ಡೇನಿಯಲ್ ಇಂಗಾಲ್ಸ್ 1962ರಲ್ಲಿ ಇದನ್ನು ಗ್ರೀಸಿನ ಸಿನಿಕರ ನಡತೆಯೊಡನೆ ಹೋಲಿಸಿದ್ದು ಪ್ರಸಿದ್ಧವಾಗಿದೆ. ಸಿರಿಯಾದ ಎಮೆಸಾ ನಗರದಲ್ಲಿ ದೇವರಿಗಾಗಿ ಹುಚ್ಚನಂತೆ ವರ್ತಿಸಿ ಜನರ ಏಟು ತಿಂದ ಆರನೆಯ ಶತಮಾನದ ಇನ್ನೊಬ್ಬ ಸಿಮೆಯೋನನನ್ನು ಪಕ್ಕದಲ್ಲಿಟ್ಟು ನೋಡಿದರೆ ಹೋಲಿಕೆ ಇನ್ನೂ ಹತ್ತಿರವಾಗುತ್ತದೆ. ಇವು ಒಂದರಿಂದೊಂದು ಕಲಿತವೆಂದು ಹೇಳಲು ಆಧಾರವಿಲ್ಲ, ಹಾಗೆ ಹೇಳುವ ಅಗತ್ಯವೂ ಇಲ್ಲ.

ಅದೇ ನಾಡಿನಲ್ಲಿ ಜೈನರು ಮೈಯನ್ನು ಇದಕ್ಕೆ ತೀರ ವಿರುದ್ಧವಾದ ರೀತಿಯಲ್ಲಿ ದುಡಿಸಿದರು. ಕೋಗಳಿಯ ಬಸದಿಯನ್ನು ಗಂಗದೊರೆ ದುರ್ವಿನೀತನು ಕಟ್ಟಿಸಿದನೆಂದೂ ಇಂದ್ರಕೀರ್ತಿಯೆಂಬ ಆಚಾರ್ಯನು ಅದಕ್ಕೆ ದತ್ತಿ ಬಿಟ್ಟನೆಂದೂ 1055ರ ಶಾಸನ ತಿಳಿಸುತ್ತದೆ. ಜೈನ ಸಾಧನೆಯ ಮುಖ್ಯ ಭಂಗಿಯಾದ ಕಾಯೋತ್ಸರ್ಗದಲ್ಲಿ ತೋಳುಗಳನ್ನು ಮೈಗೆ ತಾಗದಂತೆ ಇಳಿಬಿಟ್ಟು, ಬಳ್ಳಿ ಹಬ್ಬಿದರೂ ಇರುವೆ ಮುತ್ತಿದರೂ ಅಲುಗದೆ ನಿಲ್ಲಬೇಕು. ಹೆಸರೇ ಹೇಳುವಂತೆ ಅದು ಕಾಯವನ್ನು ತೊರೆಯುವ ಸಾಧನೆಯಾದರೂ ತೊರೆಯಲು ಬೇಕಾದ ದುಡಿಮೆಯನ್ನೆಲ್ಲ ಕಾಯವೇ ಮಾಡಬೇಕಾಗುತ್ತದೆ. ಹತ್ತೊಂಬತ್ತು ಕಥೆಗಳ ‘ವಡ್ಡಾರಾಧನೆ’ಯ ಕರ್ತೃವೆನ್ನಲಾದ ಶಿವಕೋಟ್ಯಾಚಾರ್ಯನು ಈ ಕೋಗಳಿ ನಾಡಿನವನೆಂಬ ಅಭಿಪ್ರಾಯ ಸಾಹಿತ್ಯ ಚರಿತ್ರಕಾರರಲ್ಲಿದೆ. ಅದು ನಿಜವಾಗಿದ್ದರೆ, ಕನ್ನಡದ ಮೊದಲ ದೊಡ್ಡ ಗದ್ಯಗ್ರಂಥವು ಮೈಯ ನೋವನ್ನು ಸಮಾಧಿಯ ಮೆಟ್ಟಿಲಾಗಿ ಮಾಡಿಕೊಂಡವರ ಕಥೆಗಳಿಂದಲೇ ತುಂಬಿರುವುದಕ್ಕೆ ಈ ನೆಲದ ಹವೆಯೂ ಒಂದು ಕಾರಣವಿರಬಹುದು; ಅದರ ಮೊದಲ ಕಥೆಯ ಸುಕುಮಾರಸ್ವಾಮಿ, ನರಿ ತನ್ನ ಮೈಯನ್ನು ತಿನ್ನುತ್ತಿರುವಾಗಲೂ ಧ್ಯಾನದಿಂದ ಕದಲುವುದಿಲ್ಲ.

ಮೈಯನ್ನೇ ಒಪ್ಪಿಸಿಬಿಡುವ ಈ ಆದರ್ಶ ಮುನಿಗಳಿಗಷ್ಟೇ ಮೀಸಲಾಗಿರಲಿಲ್ಲ. ಕಲ್ಯಾಣದ ಚಕ್ರವರ್ತಿ ಆಹವಮಲ್ಲ ಸೋಮೇಶ್ವರನು ವಾಸಿಯಾಗದ ಜ್ವರದಿಂದ ಬಳಲಿ 1068ರ ಮಾರ್ಚ್ ಕೊನೆಯಲ್ಲಿ ಹಡಗಲಿ ತಾಲ್ಲೂಕಿನ ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟ. ಶಾಸನ ಇದನ್ನು ಪರಮಯೋಗವೆಂದು ಕರೆದರೆ, ಅವನ ಮಗ ವಿಕ್ರಮಾದಿತ್ಯನ ಆಸ್ಥಾನಕವಿ ಬಿಲ್ಹಣನು ಶಿವಧ್ಯಾನ ಮಾಡುತ್ತ ದೊರೆ ಕೊರಳವರೆಗೆ ನೀರಿಗೆ ನಡೆದು, ಅಲೆಗಳ ಮತ್ತು ವಾದ್ಯಗಳ ಘೋಷದ ನಡುವೆ ಮುಳುಗಿದುದನ್ನು ವರ್ಣಿಸಿದ್ದಾನೆ. ಇಂದು ಕುರುವತ್ತಿಗೆ ಹೋಗುವವರು ಗುಡಿಯ ಮದನಿಕೆಯರ ಶಿಲ್ಪವನ್ನು ಮೆಚ್ಚಿ, ಶಿವರಾತ್ರಿಯ ಬಸವೇಶ್ವರನ ಜಾತ್ರೆಯನ್ನು ನೋಡಿ ಬರುತ್ತಾರೆ. ದಕ್ಷಿಣಾಪಥದ ಒಬ್ಬ ಚಕ್ರವರ್ತಿಯ ಕೊನೆಯ ಪ್ರಾರ್ಥನೆ ನಡೆದ ಹೊಳೆಯ ಮಗ್ಗುಲಲ್ಲಿ ತಾವು ನಿಂತಿದ್ದೇವೆಂಬುದು ಹೆಚ್ಚಿನವರಿಗೆ ನೆನಪಾಗುವುದಿಲ್ಲ.

ಹನ್ನೆರಡನೆಯ ಶತಮಾನದ ಶರಣರು ಗುಡಿಯ ಸ್ಥಾವರಲಿಂಗದಿಂದ ಆರಾಧನೆಯನ್ನು ಬಿಡಿಸಿ ಕರಸ್ಥಲಕ್ಕೆ, ಅಂದರೆ ಅಂಗೈಗೆ, ತಂದರು. ಇದನ್ನು ಬಾಹ್ಯದಿಂದ ಅಂತರಂಗಕ್ಕೆ ಆದ ಪಲ್ಲಟವೆಂದು ವಿವರಿಸುವುದು ವಾಡಿಕೆ. ಆದರೆ ಇಷ್ಟಲಿಂಗ ಪೂಜೆಯ ಕ್ರಮವನ್ನು ಗಮನಿಸಿದರೆ ಆ ವಿವರಣೆ ಅರ್ಧವಷ್ಟೇ ಸರಿಯೆನಿಸುತ್ತದೆ. ಮಿಂದು, ಹಣೆ ಎದೆ ತೋಳುಗಳಿಗೆ ವಿಭೂತಿ ಧರಿಸಿ, ಕೊರಳ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯ ಮೇಲಿಟ್ಟು, ತೋಳನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ರೆಪ್ಪೆ ಬಡಿಯದೆ ಲಿಂಗದ ಕಪ್ಪು ಕಂತಿಯ ಹೊಳಪನ್ನು ದಿಟ್ಟಿಸುವ ಈ ಪೂಜೆಯಲ್ಲಿ ಬೆನ್ನು, ತೋಳು, ಕಣ್ಣು ಮತ್ತು ಉಸಿರುಗಳಿಗೆ ಬಿಡುವೇ ಇಲ್ಲ. ಅಂಗೈಯ ಈ ಸಂಬಂಧ ಸಾವಿನಲ್ಲೂ ಮುಗಿಯುವುದಿಲ್ಲ. ಲಿಂಗವಂತರನ್ನು ಮಣ್ಣು ಮಾಡುವಾಗ ಕುಳಿತ ಭಂಗಿಯಲ್ಲಿರಿಸಿ, ಕೈಯಲ್ಲಿ ಇಷ್ಟಲಿಂಗವನ್ನು ಇಡುತ್ತಾರೆ. ಶರಣರು ಮೈಯನ್ನು ಬಿಡಲಿಲ್ಲ, ಗುಡಿಯ ಕೆಲಸವನ್ನೆಲ್ಲ ಅದಕ್ಕೆ ವಹಿಸಿದರು.

ಕಾಳಾಮುಖರ ಮಠಗಳೇ ಮುಂದೆ ವೀರಶೈವ ಮಠಗಳಾದವೆಂಬುದು ಎಸ್. ಸಿ. ನಂದೀಮಠರಿಂದ ಡೇವಿಡ್ ಲೊರೆಂಜನ್‌ವರೆಗೆ ಹಲವು ವಿದ್ವಾಂಸರ ಅಭಿಪ್ರಾಯ. ಈ ಸೀಮೆಯಲ್ಲಿ ವೀರಶೈವದ ಎರಡು ದೊಡ್ಡ ನೆಲೆಗಳಿದ್ದು, ಎರಡೂ ಈಗ ಕೊಟ್ಟೂರು ತಾಲ್ಲೂಕಿನಲ್ಲಿವೆ. ಪಂಚಪೀಠಗಳಲ್ಲೊಂದಾದ ಉಜ್ಜಿನಿಯ ಸದ್ಧರ್ಮ ಪೀಠದಲ್ಲಿ ಮರುಳಸಿದ್ಧೇಶ್ವರನ ಜಾತ್ರೆಯ ವೇಳೆ ಗುಡಿಯ ಶಿಖರದ ಮೇಲೆ ಎಣ್ಣೆಯೆರೆಯುವ ತೈಲಾಭಿಷೇಕಕ್ಕೆ ಮೊದಲ ಎಣ್ಣೆ ಕೂಡ್ಲಿಗಿ ಕಡೆಯ ಜರಿಮಲೆ ಪಾಳೆಯಗಾರರ ಮನೆತನದಿಂದ ಬರುವ ರೂಢಿಯಿದೆ. ಮನುಷ್ಯನ ತಲೆಗೆ ಎಣ್ಣೆಯೊತ್ತುವ ಉಪಚಾರ ಇಲ್ಲಿ ಗುಡಿಗೇ ಸಲ್ಲುತ್ತದೆ. ಇನ್ನೊಂದು ನೆಲೆ ಕೊಟ್ಟೂರಿನದು. ಗುರು ಕೊಟ್ಟೂರು ಬಸವೇಶ್ವರನು ಶಿಖಾಪುರವೆನಿಸಿದ್ದ ಈ ಊರಿಗೆ ಬಂದು, ಮೊದಲೇ ನೆಲೆಸಿದ್ದ ವೀರಭದ್ರನಿಂದ ಜಾಗ ಪಡೆದನೆಂಬ ಐತಿಹ್ಯವನ್ನು ಉಗ್ರ ಆರಾಧನೆಯೊಂದರ ಮೇಲೆ ಯೋಗಿಯ ಆರಾಧನೆ ನೆಲೆಗೊಂಡ ನೆನಪಾಗಿ ಓದಲು ಸಾಧ್ಯವಿದೆ. ಹಿರೇಮಠ, ತೊಟ್ಟಿಲುಮಠ, ಗಚ್ಚಿನಮಠ ಮೊದಲಾದ ಊರಿನ ಮಠಗಳು ಆ ಗುರುವಿನ ಬದುಕಿನ ಒಂದೊಂದು ಘಟ್ಟವನ್ನು ನೆನಪಿಸುತ್ತವೆಂಬುದು ಭಕ್ತರ ನಂಬಿಕೆ.

ಆದರೂ ವೀರಭದ್ರ ಸೀಮೆಯನ್ನು ಬಿಟ್ಟು ಹೋಗಲಿಲ್ಲ. ಹಳ್ಳಿಹಳ್ಳಿಯ ಗುಗ್ಗಳದಲ್ಲಿ ಪುರವಂತರು ಒಡಪು ಹೇಳುತ್ತ ಕತ್ತಿ ಹಿಡಿದು ಕುಣಿಯುತ್ತಾರೆ. ಹರಕೆ ಹೊತ್ತವರು ಕೆನ್ನೆಗೋ ನಾಲಿಗೆಗೋ ಶಸ್ತ್ರ ಹಾಕಿಸಿಕೊಳ್ಳುತ್ತಾರೆ. ಜಾತ್ರೆಗಳಲ್ಲಿ ಕೆಂಡ ಹಾಯುತ್ತಾರೆ. ಹೊಳೆಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲೇ ಗುಡಿಯವರೆಗೆ ದೀಡು ನಮಸ್ಕಾರ ಹಾಕುತ್ತಾರೆ. ಉದ್ದಕ್ಕೆ ಬಿದ್ದು, ಕೈ ಚಾಚಿದಲ್ಲಿ ಗೆರೆ ಎಳೆದು, ಎದ್ದು ಆ ಗೆರೆಯ ಮೇಲೆ ನಿಂತು ಮತ್ತೆ ಬೀಳುವ ಈ ನಮಸ್ಕಾರದಲ್ಲಿ ದಾರಿಯೆಲ್ಲ ಭಕ್ತನ ಮೈಯಳತೆಯಲ್ಲೇ ಸಾಗುತ್ತದೆ.

ಇವೆಲ್ಲದರ ತುದಿಯಲ್ಲಿ ನಿಲ್ಲುವುದು ಹಡಗಲಿ ತಾಲ್ಲೂಕಿನ ಮೈಲಾರ. ಮಣಿ-ಮಲ್ಲಾಸುರರನ್ನು ಕೊಲ್ಲಲು ಶಿವನು ಏಳುಕೋಟಿ ಗಣದೊಡನೆ ಗೊರವನ ವೇಷದಲ್ಲಿ ಇಳಿದುಬಂದನೆಂಬ ಪುರಾಣದ ಮೇಲೆ ನಿಂತಿರುವ ಮೈಲಾರಲಿಂಗನ ಈ ಕ್ಷೇತ್ರಕ್ಕೆ ಭರತ ಹುಣ್ಣಿಮೆಯ ಹೊತ್ತಿಗೆ ಲಕ್ಷಾಂತರ ಜನ ಸೇರುತ್ತಾರೆ. ಕರಿಕಂಬಳಿ, ಕವಡೆಸರ, ಭಂಡಾರದ ಚೀಲ, ಡಮರುಗಳ ಗೊರವಯ್ಯಗಳಲ್ಲಿ ಹೆಚ್ಚಿನವರು ಕುರುಬ ಸಮುದಾಯದವರು. ದೋಣಿಯೆಂಬ ಬಟ್ಟಲಲ್ಲಿ ಹಾಲು, ಬಾಳೆಹಣ್ಣುಗಳನ್ನು ಬೆರೆಸಿ ನೆಲದಲ್ಲಿಟ್ಟಾಗ ಗೊರವರು ನಾಯಿಗಳಂತೆ ಬೊಗಳುತ್ತ, ಒಬ್ಬರನ್ನೊಬ್ಬರು ನೂಕುತ್ತ, ಬಾಯಿ ಹಾಕಿ ತಿನ್ನುವುದು ಒಂದು ಸೇವೆ. ಸರಪಳಿ ಪವಾಡದಲ್ಲಿ ಕಬ್ಬಿಣದ ಸರಪಳಿಯನ್ನು ಜಗ್ಗಿ ಹರಿಯುತ್ತಾರೆ. ಕಂಚಾವೀರರು ಮೀನಖಂಡಕ್ಕೆ ಶಸ್ತ್ರ ಹಾಯಿಸಿಕೊಂಡು ಗಾಯದ ಮೇಲೆ ಭಂಡಾರವನ್ನಷ್ಟೇ ಒತ್ತಿಕೊಳ್ಳುತ್ತಾರೆ.

ಹಳಗನ್ನಡ ಶಾಸನಗಳು ಶೈವ ತಪಸ್ವಿಗಳನ್ನು ಗೊರವರೆಂದೇ ಕರೆಯುತ್ತವೆ. ಕುಣಿತ, ಪ್ರಾಣಿಯ ಸದ್ದು, ಬೇಕೆಂದೇ ಕೀಳಾಗಿ ಕಾಣಿಸಿಕೊಳ್ಳುವ ನಡತೆ ಎಂಬ ಪಾಶುಪತ ವ್ರತದ ಮೂರು ಮುಖ್ಯ ಲಕ್ಷಣಗಳೂ ಮೈಲಾರದ ಗೊರವರಲ್ಲಿ ಕಾಣುತ್ತವೆ. ಇಷ್ಟರಿಂದಲೇ ಕಾಳಾಮುಖ ಮುನಿಯಿಂದ ಕುರುಬ ಗೊರವಯ್ಯನವರೆಗೆ ನೇರ ಗೆರೆಯೆಳೆಯುವುದು ಆತುರದ ಮಾತಾಗುತ್ತದೆ, ಏಕೆಂದರೆ ಜರ್ಮನ್ ವಿದ್ವಾಂಸ ಗುಂಥರ್ ಸೊಂಥೈಮರ್ ಮೈಲಾರ-ಖಂಡೋಬಾ ಆರಾಧನೆಯ ಬಗ್ಗೆ ತೋರಿಸಿಕೊಟ್ಟಂತೆ ನಾಯಿ, ಕುದುರೆ, ಬೇಟೆ ಮತ್ತು ಕುರಿಹಿಂಡುಗಳ ಲೋಕಕ್ಕೆ ತನ್ನದೇ ಆದ ಪ್ರಾಚೀನತೆಯಿದೆ. ಕುರಿಗಾರನಿಗೆ ನಾಯಿಯಾಗುವುದೆಂದರೆ ಹೀನಾಯವೇ ಆಗಬೇಕೆಂದಿಲ್ಲ, ಒಡೆಯನಿಗೆ ನಿಷ್ಠೆ ತೋರುವ ಬಗೆಯೂ ಆಗಬಹುದು. ಎರಡು ಹೊಳೆಗಳು ಇಲ್ಲಿ ಕೂಡಿವೆಯೆಂದು ತಿಳಿಯುವುದೇ ಹೆಚ್ಚು ಸಮಂಜಸ: ಮಠಗಳು ಕೈಬಿಟ್ಟ ಶೈವವ್ರತದ ಚಹರೆಗಳು ಪಶುಪಾಲಕರ ದೈವದ ಸೇವೆಯಲ್ಲಿ ಆಶ್ರಯ ಪಡೆದು, ಸಂಸ್ಕೃತ ಸೂತ್ರ ಮತ್ತೆ ದೊರೆಯುವವರೆಗೂ ಯಾವ ವ್ಯಾಖ್ಯಾನದ ಹಂಗಿಲ್ಲದೆ ಬದುಕಿದವು.

ಜಾತ್ರೆಯ ಶಿಖರವಾದ ಕಾರ್ಣಿಕವು ಡೆಂಕನಮರಡಿಯಲ್ಲಿ ನಡೆಯುತ್ತದೆ. ಹಲವು ದಿನ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನು ಏರಿ, ‘ಸದ್ದಲೇ’ ಎಂದು ಕೂಗುತ್ತಲೇ ಮೈದಾನ ಮೌನವಾಗುತ್ತದೆ. ಬರುವ ವರ್ಷದ ಮಳೆ ಬೆಳೆ ರಾಜ್ಯಗಳ ಭವಿಷ್ಯವೆನ್ನಲಾದ ಒಂದೇ ಒಂದು ವಾಕ್ಯ ನುಡಿದು ಆತ ಮೇಲಿನಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. 1904ರ ಬಳ್ಳಾರಿ ಗೆಝೆಟಿಯರಿನಲ್ಲಿ ಡಬ್ಲ್ಯು. ಫ್ರಾನ್ಸಿಸ್ ಈ ವಿಧಿಯನ್ನು ಹೆಚ್ಚುಕಡಿಮೆ ಹೀಗೆಯೇ ವಿವರಿಸಿದ್ದಾನೆ. ಪತ್ರಿಕೆಗಳೂ ರಾಜಕಾರಣಿಗಳೂ ಪ್ರತಿವರ್ಷ ಆ ವಾಕ್ಯದ ಅರ್ಥಕ್ಕಾಗಿ ತಿಣುಕುತ್ತಾರೆ, ಆದರೆ ಉಪವಾಸ, ಏರುವಿಕೆ, ಬೀಳುವಿಕೆಗಳಿಲ್ಲದೆ ಬರೆದು ಓದಿದ್ದರೆ ಆ ವಾಕ್ಯಕ್ಕೆ ಯಾರೂ ಕಿವಿಗೊಡುತ್ತಿರಲಿಲ್ಲ. ಅದಕ್ಕೆ ಪ್ರಮಾಣ ಒದಗಿಸುವುದು ಗೊರವಯ್ಯನ ಮೈಯೇ.

ಈ ಇತಿಹಾಸವನ್ನು ಮೆಚ್ಚುಗೆಯಿಂದಷ್ಟೇ ಬರೆಯಲಾಗದು. ತನ್ನ ಮೈಯನ್ನು ತಾನೇ ಒಪ್ಪಿಸುವುದಕ್ಕೂ ಇನ್ನೊಬ್ಬರ ಮೈಯನ್ನು ಒಪ್ಪಿಸುವುದಕ್ಕೂ ಇರುವ ಅಂತರವನ್ನು ಇದೇ ಸೀಮೆ ಶತಮಾನಗಳ ಕಾಲ ಮರೆತಿತ್ತು. ಉಚ್ಚಂಗಿದುರ್ಗ ಮತ್ತು ಹೊಳೆಯಾಚೆಯ ಹುಲಿಗಿಯಂಥ ಕ್ಷೇತ್ರಗಳಲ್ಲಿ ದಲಿತ ಕುಟುಂಬಗಳ ಬಾಲಕಿಯರಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಬಿಡುವ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿತು. ಆ ಬಳಿಕವೂ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಮಾಜಿ ದೇವದಾಸಿಯರ ಪುನರ್ವಸತಿಯ ಚರ್ಚೆಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿವೆ. ಹರಕೆ ಹೊತ್ತವರು ಹಿರಿಯರು, ತೀರಿಸಬೇಕಾದವಳು ಮಗು ಎಂಬಲ್ಲಿ ಆರಾಧನೆಯ ಮಾತು ನಿಲ್ಲಬೇಕು. 2017ರಲ್ಲಿ ರೂಪುಗೊಂಡು 2020ರ ಜನವರಿಯಲ್ಲಿ ಜಾರಿಗೆ ಬಂದ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯ್ದೆಯು ಬಲವಂತದಿಂದ ಕೆಂಡ ಹಾಯಿಸುವುದನ್ನೂ ಕೆನ್ನೆಯ ಈ ಬದಿಯಿಂದ ಆ ಬದಿಗೆ ಸರಳು ಚುಚ್ಚುವುದನ್ನೂ ಅಪರಾಧವೆಂದಿತು. ಪ್ರದಕ್ಷಿಣೆ, ಯಾತ್ರೆಗಳಂಥ ಆರಾಧನೆಗಳನ್ನು ಅದರ ವ್ಯಾಪ್ತಿಯಿಂದ ಹೊರಗಿಟ್ಟಿತು.

ಕಾನೂನು ಹೊರಗಿಟ್ಟ ಆ ಯಾತ್ರೆಯೇ ಇಂದು ಈ ಸೀಮೆಯಲ್ಲಿ ಎಲ್ಲಕ್ಕಿಂತ ವೇಗವಾಗಿ ಬೆಳೆಯುತ್ತಿರುವ ಮೈಯ ಸೇವೆಯಾಗಿದೆ. ಮಾಘಮಾಸದಲ್ಲಿ ಕೊಟ್ಟೂರೇಶ್ವರನ ತೇರಿಗೆ ಮುನ್ನ ದಾವಣಗೆರೆ, ಹಾವೇರಿ, ಚಿತ್ರದುರ್ಗಗಳ ಕಡೆಯಿಂದ ಸಾವಿರಾರು ಜನ ಕಾಲ್ನಡಿಗೆಯಲ್ಲಿ ಬರುತ್ತಾರೆ. ದಾರಿಯುದ್ದಕ್ಕೂ ಹಳ್ಳಿಗಳವರು ದಾಸೋಹ ನಡೆಸುತ್ತಾರೆ, ಬೊಬ್ಬೆ ಬಂದ ಪಾದಗಳಿಗೆ ಔಷಧ ಹಚ್ಚುತ್ತಾರೆ. ಈ ನಡಿಗೆಗೆ ದೀಕ್ಷೆ ಬೇಕಿಲ್ಲ, ಜಾತಿಯ ಕಟ್ಟಿಲ್ಲ, ಹೇಳಲೇಬೇಕಾದ ಮಂತ್ರವೂ ಇಲ್ಲ. ಮಗುವಿನ ಕಾಯಿಲೆಗೆ, ಕೊರೆಸಿದ ಕೊಳವೆಬಾವಿಗೆ, ಪರೀಕ್ಷೆಗೆ, ಏನೂ ಕಾರಣವಿಲ್ಲದೆ ಗೆಳೆಯರ ಜೊತೆಗೆ ಹೊರಟವರು ಒಂದೇ ರಸ್ತೆಯಲ್ಲಿ ನಡೆದು, ತೇರು ಎಳೆದ ಮಾರನೆಯ ದಿನ ಬಸ್ಸು ಹತ್ತಿ ಊರಿಗೆ ಮರಳುತ್ತಾರೆ.